ಅಂತರ ಕಾಯ್ದುಕೊಳ್ಳಲಾಗದವರ ಲಾಕ್‌ಡೌನ್

ಕೇಳುಗರಿಗೆ ನಮಸ್ಕಾರ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಘೋಷಿಸಿದ ಬಳಿಕ ದೇಶದೇಶಗಳಲ್ಲಿ ಹೊರಟ ಆದೇಶಗಳ ಸಾರ ಹೆಚ್ಚುಕಡಿಮೆ ಒಂದೇ ಆಗಿತ್ತು: ಮನೆಯಲ್ಲಿರಿ, ಮುಖ ಮುಚ್ಚಿಕೊಳ್ಳಿ, ಯಾರನ್ನೂ ಮುಟ್ಟಬೇಡಿ. ಕಣ್ಣು ಕಾಣುವ, ಕಿವಿ ಕೇಳುವ, ಯಾರ ನೆರವೂ ಇಲ್ಲದೆ ಹಾಸಿಗೆಯಿಂದ ಏಳಬಲ್ಲ ಮನುಷ್ಯನನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಬರೆದ ಮಾತುಗಳಿವು. ಜಗತ್ತಿನ ಜನರಲ್ಲಿ ಸುಮಾರು ಶೇ. 16ರಷ್ಟು, ಅಂದರೆ 130 ಕೋಟಿ ಮಂದಿ, ಗಣನೀಯ ಅಂಗವೈಕಲ್ಯದೊಂದಿಗೆ ಬದುಕುತ್ತಿದ್ದಾರೆ. ನಿಯಮ ಬರೆಯುವ ಮೊದಲು ಅವರನ್ನು ಕೇಳಬೇಕಿತ್ತು. ನಾನು ಇಂದು ಹೇಳಬಂದಿರುವುದು ಇದೊಂದೇ.

ಕಿವಿಯೂ ಕೇಳದ, ಕಣ್ಣೂ ಕಾಣದ ಮಕ್ಕಳಿಗೆ ಪಾಠ ಹೇಳುವುದು ನನ್ನ ವೃತ್ತಿ. ಎದುರಿನವರು ಸಂಜ್ಞೆ ಮಾಡುವ ಕೈಗಳ ಮೇಲೆ ತಮ್ಮ ಕೈಯಿಟ್ಟು ಇವರು ಮಾತನ್ನು ಗ್ರಹಿಸುತ್ತಾರೆ. ಮುಟ್ಟಬೇಡಿ ಎಂದರೆ ಇವರಿಗೆ ಮಾತನಾಡಬೇಡಿ ಎಂದಂತೆಯೇ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಬರುತ್ತಿದ್ದ ದುಭಾಷಿ ಲಾಕ್‌ಡೌನ್ ಆರಂಭವಾದೊಡನೆ ಬರುವುದನ್ನು ನಿಲ್ಲಿಸಬೇಕಾಯಿತು. ಮನೆಯವರು ಸೋಂಕಿನ ಭಯದಿಂದ ದಪ್ಪ ಕೈಗವಸು ತೊಟ್ಟು, ತಟ್ಟೆಯಿಟ್ಟು, ಹೆಗಲು ತಟ್ಟಿ ಹೊರಟುಬಿಡುತ್ತಿದ್ದರು. ಲೋಕದಲ್ಲಿ ಏನಾಗುತ್ತಿದೆ ಎಂಬುದನ್ನು ಯಾರೂ ಅವನಿಗೆ ತಿಳಿಸಿರಲಿಲ್ಲ. ತನಗೇ ಯಾವುದೋ ಕೆಟ್ಟ ಕಾಯಿಲೆ ತಗಲಿದೆ, ಎಲ್ಲರೂ ಅದನ್ನು ಮುಚ್ಚಿಡುತ್ತಿದ್ದಾರೆ ಎಂದು ನಂಬಿ ಅವನು ಊಟ ಬಿಟ್ಟ. ಕೊನೆಗೆ ಅಕ್ಕ ಕೈಗವಸು ಕಳಚಿ, ಸೋಪು ಹಚ್ಚಿ ಕೈ ತೊಳೆದು, ತಮ್ಮನ ಅಂಗೈ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದು ವಿಷಯ ತಿಳಿಸಿದಳು. ಅವನು ತಿರುಗಿ ಬರೆದ ಮೊದಲ ಮಾತು, "ನಿನಗೆ ಬಂದಿಲ್ಲ ತಾನೇ?" ಎಂಬುದು. ಆಮೇಲೆ ಅಕ್ಕ ತಮ್ಮ ಸೇರಿ ಒಂದು ಪದ್ಧತಿ ಮಾಡಿಕೊಂಡರು: ಬೆಳಿಗ್ಗೆ ಸಂಜೆ ಇಬ್ಬರೂ ಕೈ ತೊಳೆದು, ಮಾಸ್ಕ್ ಹಾಕಿ, ತೆರೆದ ಕಿಟಕಿಯ ಬಳಿ ಕುಳಿತು ಸುದ್ದಿ ಹೇಳಿಕೊಳ್ಳುವುದು. ಇಷ್ಟು ಸರಳವಾದ ಉಪಾಯವನ್ನು, ಕೇಳಿದ್ದರೆ, ಇಂಥವರು ಮೊದಲ ದಿನವೇ ಹೇಳುತ್ತಿದ್ದರು!

ಸಮಯ ಕಡಿಮೆಯಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ತುಟಿಯ ಚಲನೆ ನೋಡಿ ಮಾತು ತಿಳಿಯುವ ಕಿವುಡರಿಗೆ ಮಾಸ್ಕ್ ತೊಟ್ಟ ವೈದ್ಯರ ಪ್ರಶ್ನೆ ಅರ್ಥವಾಗಲಿಲ್ಲ. ಬಾಯಿ ಕಾಣುವ ಪಾರದರ್ಶಕ ಮಾಸ್ಕ್ ಎಲ್ಲೆಡೆ ಸಿಗಲಿಲ್ಲ. ದಿನನಿತ್ಯ ಇನ್ನೊಬ್ಬರ ನೆರವು ಬೇಕಾದವರಿಗೆ ಸಹಾಯಕರು ಬಾರದೆ ಸ್ನಾನ, ಶೌಚಕ್ಕೂ ಕಷ್ಟವಾಯಿತು. ಫಿಸಿಯೋಥೆರಪಿ ನಿಂತು ಎಷ್ಟೋ ಮಕ್ಕಳ ಸ್ನಾಯುಗಳು ಬಿಗಿದುಕೊಂಡವು. ಅಂಗವಿಕಲರನ್ನು ಕುರಿತ ನಿರ್ಧಾರಗಳಲ್ಲಿ ಅವರೊಂದಿಗೆ ಸಮಾಲೋಚಿಸಬೇಕೆಂದು 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 4ನೆಯ ವಿಧಿಯೂ, ವಿಪತ್ತಿನಲ್ಲಿ ಅವರನ್ನು ರಕ್ಷಿಸಬೇಕೆಂದು 11ನೆಯ ವಿಧಿಯೂ ಸ್ಪಷ್ಟವಾಗಿ ಹೇಳುತ್ತವೆ. ಹೊಸದಾಗಿ ಏನನ್ನೂ ಬರೆಯಬೇಕಾಗಿರಲಿಲ್ಲ, ಬರೆದದ್ದನ್ನು ಪಾಲಿಸಿದ್ದರೆ ಸಾಕಿತ್ತು.

ಮನೆಯಿಂದಲೇ ಕೆಲಸ ಮಾಡಲು ಬಿಡಿ, ಫೋನಿನಲ್ಲೇ ವೈದ್ಯರ ಸಲಹೆ ಸಿಗಲಿ ಎಂದು ಅಂಗವಿಕಲರು ವರ್ಷಗಟ್ಟಲೆ ಕೇಳಿಕೊಂಡಾಗ ಸಾಧ್ಯವೇ ಇಲ್ಲ ಎನ್ನಲಾಗುತ್ತಿತ್ತು. ಎಲ್ಲರಿಗೂ ಬೇಕಾದಾಗ ಅದು ಕೆಲವೇ ವಾರಗಳಲ್ಲಿ ಸಾಧ್ಯವಾಯಿತು. ಲಾಕ್‌ಡೌನ್ ಮುಗಿದೊಡನೆ ಹಲವು ಕಚೇರಿಗಳು ಆ ಸೌಲಭ್ಯವನ್ನು ಹಿಂದಕ್ಕೆ ಪಡೆದವು. ಆಗಲೂ ಅವರನ್ನು ಕೇಳಿದವರು ವಿರಳ. ನಮಸ್ಕಾರ.