ಡಿಸೈನರ್ ಡ್ರಗ್ಸ್: ಅಣುವಿನ ಗುರುತು ಹಚ್ಚುವ ಕೆಲಸ

ಕೇಳುಗರೆ, ನಮಸ್ಕಾರ.

‘ರಿಸರ್ಚ್ ಕೆಮಿಕಲ್’, ‘ಬಾತ್ ಸಾಲ್ಟ್’, ‘ಹರ್ಬಲ್ ಇನ್ಸೆನ್ಸ್’ ಎಂಬ ಹೆಸರು ಹೊತ್ತು ಆನ್‌ಲೈನಿನಲ್ಲಿ ಬಿಕರಿಯಾಗುವ ಪೊಟ್ಟಣಗಳಿವೆ. ನಿಷೇಧಿತ ಮಾದಕದ ಅಣುವಿಗೆ ಒಂದು ಫ್ಲೋರಿನ್ ಸೇರಿಸಿಯೋ, ಮೀಥೈಲ್ ಗುಂಪಿನ ಜಾಗ ಬದಲಿಸಿಯೋ ಮಾಡಿಕೊಂಡ ಹೊಸ ಅಣುಗಳೇ ಅವುಗಳ ಸರಕು. ವಿಶ್ವಸಂಸ್ಥೆಯ ಮಾದಕದ್ರವ್ಯ ಮತ್ತು ಅಪರಾಧ ಕಚೇರಿಗೆ ವರದಿಯಾದ ಇಂಥ ಪದಾರ್ಥಗಳು 1200ಕ್ಕೂ ಹೆಚ್ಚು. ಇವನ್ನು ಪ್ರಯೋಗಾಲಯ ಗುರುತಿಸುವುದು ಹೇಗೆ, ಎಲ್ಲಿ ಎಡವುತ್ತದೆ ಎಂಬುದು ಈ ಹೊತ್ತಿನ ವಿಷಯ.

ಎಡವುವುದು ಸ್ಯಾಂಪಲ್ ತೆಗೆಯುವಾಗಲೇ ಶುರು. ಒಣ ಸೊಪ್ಪಿನ ಮೇಲೆ ಸಿಂಥೆಟಿಕ್ ಕ್ಯಾನಬಿನಾಯ್ಡ್ (ಗಾಂಜಾದಂತೆ ಕೆಲಸ ಮಾಡುವ ಕೃತಕ ರಾಸಾಯನಿಕ) ದ್ರಾವಣವನ್ನು ಸಿಂಪಡಿಸಿರುತ್ತಾರೆ. ಒಂದು ಕಡೆ ದಟ್ಟವಾಗಿ ಕೂತಿರುತ್ತದೆ, ಇನ್ನೊಂದು ಕಡೆ ಇರುವುದೇ ಇಲ್ಲ. ಮೇಲಿನಿಂದ ಒಂದು ಚಿಟಿಕೆ ತೆಗೆದರೆ ಬರುವ ಅಂಕಿಯನ್ನು ನಂಬುವಂತಿಲ್ಲ. ಅಷ್ಟನ್ನೂ ಪುಡಿಮಾಡಿ, ಕಲಸಿ, ರಾಶಿ ಹಾಕಿ ನಾಲ್ಕು ಪಾಲು ಮಾಡಬೇಕು. ಎದುರುಬದುರಿನ ಎರಡು ಪಾಲನ್ನು ಉಳಿಸಿಕೊಂಡು ಮತ್ತೆ ಕಲಸಬೇಕು. ಪುಡಿಯಲ್ಲಿ ಫೆಂಟನಿಲ್ ಜಾತಿಯ ಓಪಿಯಾಯ್ಡ್ (ಅಫೀಮಿನಂತೆ ಕೆಲಸ ಮಾಡುವ ಮಾದಕ) ಇರಬಹುದೆಂದು ಎಣಿಸಿಯೇ ಫ್ಯೂಮ್ ಹುಡ್ (ಗಾಳಿಯನ್ನು ಹೊರಗೆಳೆಯುವ ಗೂಡು) ಒಳಗೆ ಕೈಗವಸು ಹಾಕಿ ಈ ಕೆಲಸ ಮಾಡಬೇಕು.

ಬಣ್ಣದ ಪರೀಕ್ಷೆಯನ್ನು ಹೆಚ್ಚು ನೆಚ್ಚಿಕೊಳ್ಳುವಂತಿಲ್ಲ. ಗಂಧಕಾಮ್ಲ ಮತ್ತು ಫಾರ್ಮಾಲ್ಡಿಹೈಡ್ ಸೇರಿದ ಮಾರ್ಕ್ವಿಸ್ ದ್ರಾವಣ ಎಂಡಿಎಂಎ (ಎಕ್ಸ್‌ಟಸಿ) ಮಾದಕಕ್ಕೆ ಕಡುನೇರಳೆಯಾಗಿ ಕಪ್ಪಾಗುತ್ತದೆ, ಆಂಫೆಟಮಿನ್‌ಗೆ ಕಿತ್ತಳೆ-ಕಂದಾಗುತ್ತದೆ. ಆದರೆ ಮುಖ್ಯ ಪದಾರ್ಥದ ಬಣ್ಣದಡಿಯಲ್ಲಿ ಅಲ್ಪ ಪ್ರಮಾಣದ ಇನ್ನೊಂದು ಮುಚ್ಚಿಹೋಗುತ್ತದೆ.

ನಿತ್ಯದ ಕೆಲಸ ನಡೆಯುವುದು ಜಿಸಿ-ಎಂಎಸ್ ಉಪಕರಣದಲ್ಲಿ; ಇದರ ಜಿಸಿ ಭಾಗ ಪದಾರ್ಥಗಳನ್ನು ಆವಿ ಮಾಡಿ ಬೇರ್ಪಡಿಸುತ್ತದೆ, ಎಂಎಸ್ ಭಾಗ ಅಣುವಿನ ಚೂರುಗಳನ್ನು ತೂಗುತ್ತದೆ. ಒಂದು ಮಿಲಿಲೀಟರ್ ಮೆಥನಾಲ್‌ಗೆ ಸುಮಾರು 1 ಮಿಲಿಗ್ರಾಂ ಕರಗಿಸಿ, ಸೋಸಿ, 1 ಮೈಕ್ರೋಲೀಟರ್ ಒಳಗೆ ಬಿಡುತ್ತಾರೆ. ಪ್ರತಿ ಸ್ಯಾಂಪಲ್‌ಗೂ ಮುಂಚೆ ಬರೀ ಮೆಥನಾಲ್ ಓಡಿಸಲೇಬೇಕು; ಹಿಂದಿನ ಸ್ಯಾಂಪಲ್ ಸಿರಿಂಜಿನಲ್ಲೋ ಲೈನರಿನಲ್ಲೋ ಉಳಿದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಪದಾರ್ಥಗಳು 30 ಮೀಟರ್ ಉದ್ದದ ಕಾಲಮ್‌ನಲ್ಲಿ ಬೇರೆಯಾಗಿ ಹೊರಬಂದು 70 ಎಲೆಕ್ಟ್ರಾನ್‌ವೋಲ್ಟ್ ಏಟಿಗೆ ಸಿಕ್ಕಿ ಚೂರಾಗುತ್ತವೆ. ಆ ಚೂರುಗಳ ನಕ್ಷೆಯನ್ನು ಕಂಪ್ಯೂಟರಿನ ಲೈಬ್ರರಿಯೊಂದಿಗೆ ಹೋಲಿಸುತ್ತಾರೆ. ‘ಶೇಕಡಾ 95 ಹೊಂದಿಕೆ’ ಎಂದು ಪರದೆಯ ಮೇಲೆ ಬಂದೊಡನೆ ವರದಿ ಬರೆದುಬಿಡುವುದು ಈ ಕ್ಷೇತ್ರದ ದೊಡ್ಡ ಅಪಾಯ.

‘ಬಾತ್ ಸಾಲ್ಟ್’ ಗುಂಪಿನ ಉತ್ತೇಜಕ ಮೆಫಿಡ್ರೋನನ್ನೇ ನೋಡಿ. ಇದರ ಅಣುತೂಕ 177. ನಕ್ಷೆಯಲ್ಲಿ 58 ತೂಕದ ಚೂರಿನ ಗೆರೆಯೊಂದೇ ಎತ್ತರಕ್ಕೆ ನಿಂತಿರುತ್ತದೆ, 177 ಕಂಡೂ ಕಾಣದಷ್ಟು ಸಣ್ಣದು. ಬೆಂಜೀನ್ ಉಂಗುರದ ಮೇಲಿನ ಮೀಥೈಲ್ ಎರಡನೆಯ, ಮೂರನೆಯ, ನಾಲ್ಕನೆಯ ಜಾಗದಲ್ಲಿ ಎಲ್ಲೇ ಇದ್ದರೂ ನಕ್ಷೆ ಬಹುತೇಕ ಒಂದೇ. ಒಂದೇ ಅಣುಸೂತ್ರ, ಬೇರೆ ಜೋಡಣೆಯ ಇಂಥವನ್ನು ಐಸೋಮರ್ ಎನ್ನುತ್ತಾರೆ; ಕಾನೂನಿನ ಕಣ್ಣಿಗೂ ದೇಹಕ್ಕೂ ಇವು ಬೇರೆ ಬೇರೆ. ಮೂರರ ಶುದ್ಧ ಪ್ರಮಾಣಕಗಳನ್ನೂ (ಹೋಲಿಕೆಗೆಂದು ಇಟ್ಟ ಖಚಿತ ಮಾದರಿಗಳನ್ನೂ) ಅದೇ ದಿನ, ಅದೇ ಕಾಲಮ್‌ನಲ್ಲಿ ಓಡಿಸಿ ಹೊರಬರುವ ಸಮಯ ಹೋಲಿಸಬೇಕು. ಪ್ರಮಾಣಕ ಇಲ್ಲದಿದ್ದರೆ ‘ಮೀಥೈಲ್‌ಮೆಥ್‌ಕ್ಯಾಥಿನೋನ್, ಐಸೋಮರ್ ನಿರ್ಧರಿಸಿಲ್ಲ’ ಎಂದೇ ಬರೆಯಬೇಕು. ಅದು ಪ್ರಾಮಾಣಿಕ ವರದಿ.

ಈ ತೊಡಕನ್ನು ಖಚಿತವಾಗಿ ಬಿಡಿಸುವುದು, ಅಯಸ್ಕಾಂತದೊಳಗೆ ಹೈಡ್ರೋಜನ್‌ಗಳ ಸಂಕೇತ ನೋಡಿ ಅಣುವಿನ ರಚನೆ ತಿಳಿಸುವ ಎನ್‌ಎಂಆರ್. 5ರಿಂದ 10 ಮಿಲಿಗ್ರಾಂ ಪುಡಿ, 0.6 ಮಿಲಿಲೀಟರ್ ಡ್ಯುಟೀರಿಯಮ್ (ಭಾರ ಹೈಡ್ರೋಜನ್) ಇರುವ ದ್ರಾವಕ ಸಾಕು. ಮೀಥೈಲ್ ನಾಲ್ಕನೆಯ ಜಾಗದಲ್ಲಿದ್ದರೆ ಉಂಗುರದ ನಾಲ್ಕು ಹೈಡ್ರೋಜನ್‌ಗಳು ಎರಡೆರಡಾಗಿ ಜೋಡಿ ಸೇರಿ ಎರಡೇ ಗುಂಪು ಗೆರೆ ಕೊಡುತ್ತವೆ. ಬೇರೆ ಜಾಗದಲ್ಲಿದ್ದರೆ ನಾಲ್ಕೂ ಬೇರೆ ಬೇರೆಯಾಗಿ ಮಾತಾಡುತ್ತವೆ. ಇನ್‌ಫ್ರಾರೆಡ್ ಬೆಳಕಿನಿಂದ ನೋಡುವ ಎಫ್‌ಟಿಐಆರ್ ಕೂಡ ಐಸೋಮರ್‌ಗಳನ್ನು ಬೇರ್ಪಡಿಸಬಲ್ಲದು, ಆದರೆ ಪುಡಿ ಹೆಚ್ಚುಕಡಿಮೆ ಶುದ್ಧವಾಗಿರಬೇಕು. ಮಿಶ್ರಣದಲ್ಲಿ ಸುಮಾರು ಶೇಕಡಾ 5ಕ್ಕಿಂತ ಕಡಿಮೆ ಇರುವುದು ಸಾಮಾನ್ಯವಾಗಿ ಅದರ ಕಣ್ಣಿಗೆ ಬೀಳದು.

ಜಿಸಿಯ ಬಿಸಿಯೇ ಅಣುವನ್ನು ಬದಲಿಸಿಬಿಡುವುದೂ ಉಂಟು. ಯುಆರ್-144, ಎಕ್ಸ್‌ಎಲ್‌ಆರ್-11 ಎಂಬ ಸಿಂಥೆಟಿಕ್ ಕ್ಯಾನಬಿನಾಯ್ಡ್ ಅಣುಗಳ ಮೂರು ಇಂಗಾಲದ ಉಂಗುರ ಇಂಜೆಕ್ಟರಿನ ಶಾಖಕ್ಕೆ ಬಿಚ್ಚಿಕೊಂಡು, ಪೊಟ್ಟಣದಲ್ಲಿ ಇಲ್ಲದ ಪದಾರ್ಥವೊಂದು ನಕ್ಷೆಯಲ್ಲಿ ಮೂಡುತ್ತದೆ. ಪಿಬಿ-22ರಂಥ ಎಸ್ಟರ್‌ಗಳಿಗೆ ಮೆಥನಾಲೇ ಆಗದು, ಅದರೊಡನೆ ವರ್ತಿಸಿ ಮೀಥೈಲ್ ಎಸ್ಟರ್ ಆಗುತ್ತವೆ, ಅಸಿಟೋನೈಟ್ರೈಲ್ ಬಳಸಬೇಕು. ಇಂಥವಕ್ಕೆ ಶಾಖವಿಲ್ಲದೆ ದ್ರವದಲ್ಲೇ ಬೇರ್ಪಡಿಸುವ ಎಲ್‌ಸಿ ಮಾರ್ಗವೇ ಸರಿ, ಅದಕ್ಕೆ ತೂಕವನ್ನು ಅತಿ ನಿಖರವಾಗಿ ಅಳೆಯುವ ಹೈ ರೆಸಲ್ಯೂಷನ್ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದರೆ ಇನ್ನೂ ಒಳ್ಳೆಯದು. ಎಂಡಿಎ, ಪಿಎಂಎಂಎ ಎಂಬ ಎರಡು ಮಾದಕಗಳೂ ಸಾಧಾರಣ ಉಪಕರಣದಲ್ಲಿ 180 ಎಂದೇ ತೋರುತ್ತವೆ. ಹೈ ರೆಸಲ್ಯೂಷನ್‌ನಲ್ಲಿ ಮೊದಲನೆಯದು 180.1019, ಎರಡನೆಯದು 180.1383. ಆದರೂ ನಾಲ್ಕು ದಶಾಂಶದ ನಿಖರತೆ ಕೊಡುವುದು ಅಣುಸೂತ್ರವನ್ನು ಮಾತ್ರ, ಮೀಥೈಲ್ ಎಲ್ಲಿ ಕೂತಿದೆ ಎಂಬುದನ್ನಲ್ಲ.

ಹೆಚ್ಚು ಕಳವಳ ಹುಟ್ಟಿಸುವುದು ನಿಟಜೀನ್‌ಗಳೆಂಬ ಕೃತಕ ಓಪಿಯಾಯ್ಡ್‌ಗಳು. ಮಾತ್ರೆಯಲ್ಲಿ ಇವು ತೀರಾ ಅಲ್ಪ ಇದ್ದರೂ ಉಸಿರು ನಿಲ್ಲಿಸಬಲ್ಲವು. ಫೆಂಟನಿಲ್ ಪತ್ತೆಗೆ ಬಳಸುವ ಪರೀಕ್ಷಾ ಪಟ್ಟಿ (ಟೆಸ್ಟ್ ಸ್ಟ್ರಿಪ್) ಇವನ್ನು ಹಿಡಿಯುವುದಿಲ್ಲ. ಜಿಸಿಯಲ್ಲಿ ಸ್ಪ್ಲಿಟ್ ಇಟ್ಟು ಸ್ಯಾಂಪಲ್‌ನ ಬಹುಪಾಲು ಹೊರಗೆ ಬಿಟ್ಟರೆ ಗೆರೆಯೇ ಕಾಣದೆ ಹೋಗಬಹುದು. ಹಾಗೆ ಹೊರಗೆ ಬಿಡದ ಸ್ಪ್ಲಿಟ್‌ಲೆಸ್ ಕ್ರಮದಲ್ಲಿ ಮತ್ತೊಮ್ಮೆ, ಎಲ್‌ಸಿ-ಎಂಎಸ್‌ನಲ್ಲಿ ಇನ್ನೊಮ್ಮೆ ನೋಡದೆ ‘ಓಪಿಯಾಯ್ಡ್ ಇಲ್ಲ’ ಎಂದು ಬರೆಯಕೂಡದು.

ಇನ್ನು, ಎಷ್ಟಿದೆ ಎಂಬ ಪ್ರಶ್ನೆ. ಹೊಸ ಅಣುವಿಗೆ ಪ್ರಮಾಣಕ ಮಾರುಕಟ್ಟೆಗೆ ಬರುವುದು ತಡ. ಆಗಲೂ ಎನ್‌ಎಂಆರ್ ನೆರವಿಗೆ ಬರುತ್ತದೆ: ಶುದ್ಧತೆ ತಿಳಿದಿರುವ ಮೆಲೇಯಿಕ್ ಆಮ್ಲವನ್ನು ತೂಗಿ ಸ್ಯಾಂಪಲ್‌ಗೆ ಸೇರಿಸಿ, ಎರಡರ ಗೆರೆಗಳ ವಿಸ್ತೀರ್ಣ ಹೋಲಿಸುತ್ತಾರೆ. ಎನ್‌ಎಂಆರ್ ಕಳಿಸುವ ಎರಡು ರೇಡಿಯೋ ಸ್ಪಂದನಗಳ ನಡುವಿನ ಬಿಡುವು ಅತಿ ನಿಧಾನವಾಗಿ ಸಾವರಿಸಿಕೊಳ್ಳುವ ಹೈಡ್ರೋಜನ್‌ನ ಟಿ-1 ಕಾಲದ (ಸಾವರಿಸಿಕೊಳ್ಳುವ ವೇಗದ ಅಳತೆ) ಐದು ಪಟ್ಟಾದರೂ ಇರಬೇಕು. ಆತುರಪಟ್ಟು ಕಡಿಮೆ ಇಟ್ಟರೆ ನಿಧಾನವಾಗಿ ಸಾವರಿಸಿಕೊಳ್ಳುವ ಮೆಲೇಯಿಕ್ ಆಮ್ಲದ ಗೆರೆ ಕುಗ್ಗಿ, ಪುಡಿ ಇರುವುದಕ್ಕಿಂತ ಶುದ್ಧವೆಂದು ಲೆಕ್ಕ ಬರುತ್ತದೆ.