84 ಎಚ್‌ಪಿ ಸಾಲಿನಲ್ಲಿ ಯಾವುದಕ್ಕೆ ಜಾಗ?

ಕೇಳುಗರಿಗೆ ನಮಸ್ಕಾರ. ಮಾಡ್ಯುಲರ್ ಸಿಂಥಸೈಜರ್ ಅಂದರೆ ಬೇರೆಬೇರೆ ಕೆಲಸದ ಮಾಡ್ಯೂಲುಗಳನ್ನು ಒಂದು ಪೆಟ್ಟಿಗೆಯಲ್ಲಿ ಕೂರಿಸಿ ಕೇಬಲ್ಲಿನಿಂದ ಜೋಡಿಸುವ ಎಲೆಕ್ಟ್ರಾನಿಕ್ ವಾದ್ಯ. ಅದನ್ನು ಕಟ್ಟಿಕೊಳ್ಳಲು ಹೊರಟವರ ಮಾತು ಸಾಮಾನ್ಯವಾಗಿ ನಾದ ಹುಟ್ಟಿಸುವ ಆಸಿಲೇಟರಿನಿಂದಲೇ ಶುರುವಾಗುತ್ತದೆ. ಯಾವುದರ ನಾದ ದಪ್ಪ, ಯಾವುದರದು ಹರಿತ ಎಂದು ಗಂಟೆಗಟ್ಟಲೆ ಚರ್ಚೆ. ಪೆಟ್ಟಿಗೆ ತುಂಬಿದ ಮೇಲೆ ನೋಡಿದರೆ ಆಸಿಲೇಟರು ಮೂರು, ಅವುಗಳ ಸದ್ದನ್ನು ಏರಿಸಿ ಇಳಿಸುವ ವಿಸಿಎ ಒಂದೇ ಒಂದು. ಹಾಗಾಗಿ ಇವತ್ತು ಈ ಲೆಕ್ಕವನ್ನು ಆ ತುದಿಯಿಂದ ಹಾಕೋಣ.

ಈ ವಾದ್ಯ ನಮ್ಮ ದೇಶಕ್ಕೆ ತೀರಾ ಹೊಸದೇನಲ್ಲ. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಕಂಪನಿಯ ಮಾಡ್ಯುಲರ್ ಕೂರಿಸಿಕೊಟ್ಟಿದ್ದರು. ಈಗ ಹೆಚ್ಚು ಜನ ಕೊಳ್ಳುವುದು ಯುರೋರ್ಯಾಕ್. ಇದು ಜರ್ಮನಿಯ ಡೀಟರ್ ಡೋಪ್ಫರ್ 1990ರ ದಶಕದ ನಡುವಿನಲ್ಲಿ ಎ-100 ಸರಣಿಯೊಂದಿಗೆ ತಂದ ಅಳತೆ. ಫಲಕದ ಎತ್ತರ 128.5 ಮಿಲಿಮೀಟರ್. ಅಗಲವನ್ನು ಎಚ್‌ಪಿಯಲ್ಲಿ ಎಣಿಸುತ್ತಾರೆ, ಒಂದು ಎಚ್‌ಪಿ ಎಂದರೆ 5.08 ಮಿಲಿಮೀಟರ್. ಚಾಲ್ತಿಯಲ್ಲಿರುವ ಒಂದು ಸಾಲಿನ ಅಗಲ 84 ಎಚ್‌ಪಿ.

ಚೌಕುಳಿ ಹಾಳೆಯ ಮೇಲೆ 84 ಮನೆ ಗುರುತು ಹಾಕಿಕೊಳ್ಳಿ. ಕೀಬೋರ್ಡಿನಿಂದ ಬರುವ ಮಿಡಿ ಎಂಬ ಡಿಜಿಟಲ್ ಸಂಕೇತವನ್ನು ಉಳಿದ ಮಾಡ್ಯೂಲುಗಳನ್ನು ನಿಯಂತ್ರಿಸುವ ವೋಲ್ಟೇಜಿಗೆ ಬದಲಿಸುವ ಮಾಡ್ಯೂಲಿಗೆ 8. ಆಸಿಲೇಟರ್ ಒಂದೇ ಸಾಕು, 10. ನಾದದ ಬಣ್ಣ ತಿದ್ದುವ ಫಿಲ್ಟರಿಗೆ 8. ನಾಲ್ಕು ವಿಸಿಎ ಒಟ್ಟಿಗಿರುವ ಫಲಕಕ್ಕೆ 12. ಮೇಕ್ ನಾಯ್ಸ್ ಕಂಪನಿಯ ಮ್ಯಾಥ್ಸ್‌ಗೆ 20. ಒಂದಕ್ಕೇ ಇಷ್ಟು ಜಾಗವೇ ಎನಿಸುತ್ತದೆ, ಆದರೆ ಸದ್ದಿನ ಏರಿಳಿತಕ್ಕೆ ಆಕಾರ ಕೊಡುವ ಎನ್ವಲಪ್, ನಿಧಾನಗತಿಯಲ್ಲಿ ತೂಗುವ ವೋಲ್ಟೇಜ್ ಕೊಡುವ ಎಲ್‌ಎಫ್‌ಒ, ಸ್ವರದಿಂದ ಸ್ವರಕ್ಕೆ ಜಾರಿಸುವ ಪೋರ್ಟಮೆಂಟೊ, ವೋಲ್ಟೇಜುಗಳ ಕೂಡು-ಕಳೆ ಎಲ್ಲವೂ ಅದರೊಳಗೇ ಇವೆ. ಮಿಕ್ಸರ್ 8, ನಾಯ್ಸ್ ಹಾಗೂ ಆ ಕ್ಷಣದ ವೋಲ್ಟೇಜನ್ನು ಹಿಡಿದಿಡುವ ಸ್ಯಾಂಪಲ್ ಅಂಡ್ ಹೋಲ್ಡ್ ಸೇರಿ 8, ಒಂದೇ ವೋಲ್ಟೇಜನ್ನು ಕುಸಿಯದಂತೆ ಹಲವು ಕಡೆ ಹಂಚುವ, ಬಫರ್ ಇರುವ ಮಲ್ಟಿಪಲ್ 4, ಔಟ್‌ಪುಟ್ 4. ಒಟ್ಟು 82. ಉಳಿದ ಎರಡಕ್ಕೆ ಖಾಲಿ ಫಲಕ ಹಾಕಿ ಮುಚ್ಚಿ. ತೆರೆದ ಸಂದಿಯಿಂದ ಸ್ಕ್ರೂ ಜಾರಿ ವಿದ್ಯುತ್ ಹಲಗೆಯ ಮೇಲೆ ಬಿದ್ದರೆ ನಷ್ಟ ದೊಡ್ಡದು.

ವಿಸಿಎ ನಾಲ್ಕು ಯಾಕೆ? ಒಂದು ಕೊನೆಯ ಸದ್ದಿಗೆ. ಇನ್ನೊಂದು ಎಲ್‌ಎಫ್‌ಒ ಫಿಲ್ಟರನ್ನು ಎಷ್ಟು ಅಲುಗಿಸಬೇಕು ಎಂಬುದನ್ನು ಹಿಡಿತದಲ್ಲಿಡಲು. ಮಿಕ್ಕ ಎರಡು ಹೇಗೂ ಖಾಲಿ ಕೂರುವುದಿಲ್ಲ. ಕೊಳ್ಳುವಾಗ ಡಿಸಿ ಕಪಲ್ಡ್ ಹೌದೋ ಅಲ್ಲವೋ ಕೇಳಿ. ಎಸಿ ಕಪಲ್ಡ್ ಆಗಿದ್ದರೆ ಸದ್ದು ದಾಟುತ್ತದೆ, ನಿಧಾನವಾಗಿ ಏರಿಳಿಯುವ ನಿಯಂತ್ರಣ ವೋಲ್ಟೇಜ್ ಅಲ್ಲೇ ಸೋರಿಹೋಗುತ್ತದೆ. ಸದ್ದಿನ ಏರಿಳಿತಕ್ಕೆ ಎಕ್ಸ್‌ಪೊನೆನ್ಷಿಯಲ್ ವಕ್ರ ಕಿವಿಗೆ ಹಿತ, ನಿಯಂತ್ರಣ ವೋಲ್ಟೇಜಿಗೆ ಲೀನಿಯರ್ ಸರಿ.

ಮಲ್ಟಿಪಲ್ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಯುರೋರ್ಯಾಕ್‌ನಲ್ಲಿ ಒಂದು ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಏರುತ್ತದೆ. ಅಂದರೆ ಒಂದು ಅರ್ಧಸ್ವರಕ್ಕೆ ಸುಮಾರು 83 ಮಿಲಿವೋಲ್ಟ್ ಮಾತ್ರ. ಕೊಡುವ ಮಾಡ್ಯೂಲಿನ ಔಟ್‌ಪುಟ್ ರೋಧ 1 ಕಿಲೋಓಮ್, ಪಡೆಯುವ ಮಾಡ್ಯೂಲಿನ ಇನ್‌ಪುಟ್ ರೋಧ 100 ಕಿಲೋಓಮ್ ಎಂದಿಟ್ಟುಕೊಳ್ಳಿ. ಬಫರ್ ಇಲ್ಲದೆ ಬರೀ ತಂತಿಯಲ್ಲಿ ಮೂರು ಕಡೆ ಹಂಚಿದರೆ ಸುಮಾರು ಶೇಕಡಾ 3 ಕುಸಿಯುತ್ತದೆ. ಮೂರು ವೋಲ್ಟಿನಲ್ಲಿ ಅದು 90 ಮಿಲಿವೋಲ್ಟಿನ ಹತ್ತಿರ, ಅಂದರೆ ಒಂದು ಅರ್ಧಸ್ವರಕ್ಕಿಂತ ಹೆಚ್ಚೇ ಅಪಶ್ರುತಿ. ಕೆಳಗಿನ ಸ್ಥಾಯಿಯಲ್ಲಿ ಕೂಡಿಸಿದ ಶ್ರುತಿ ಮೇಲೆ ಹೋದಂತೆ ತಪ್ಪುವುದಕ್ಕೆ ಇದೊಂದು ಕಾರಣ. ಬರೀ ಆನ್-ಆಫ್ ಸಂಕೇತಗಳಾದ ಗೇಟ್, ಕ್ಲಾಕ್‌ಗಳನ್ನು ಮಾತ್ರ ಅಗ್ಗದ ಸಾದಾ ಮಲ್ಟಿಪಲ್‌ನಲ್ಲಿ ಧಾರಾಳವಾಗಿ ಹಂಚಿ.

ಇನ್ನು ವಿದ್ಯುತ್ತು. ಪ್ರತಿ ಮಾಡ್ಯೂಲ್ ಪ್ಲಸ್ 12 ವೋಲ್ಟಿನಲ್ಲಿ ಎಷ್ಟು ಮಿಲಿಆಂಪ್ ಎಳೆಯುತ್ತದೆ, ಮೈನಸ್ 12ರಲ್ಲಿ ಎಷ್ಟು, ಪ್ಲಸ್ 5 ಬೇಕೇ ಎಂದು ಮೂರು ಕಾಲಂ ಮಾಡಿ ಬೇರೆಬೇರೆಯಾಗಿ ಕೂಡಿಸಿ. ಎಲ್ಲ ಸೇರಿಸಿ ಒಂದೇ ಮೊತ್ತ ಹಾಕಿದರೆ ಲೆಕ್ಕ ಕೆಟ್ಟಂತೆ. ಪ್ಲಸ್ 12ರಲ್ಲಿ 600 ಬಂದರೆ 800 ಮಿಲಿಆಂಪ್‌ಗೆ ಕಡಿಮೆಯಿಲ್ಲದ ಸಪ್ಲೈ ಇರಲಿ. ಡಿಜಿಟಲ್ ಮಾಡ್ಯೂಲುಗಳು ಆನ್ ಆಗುವ ಕ್ಷಣದಲ್ಲಿ ಮಾಮೂಲಿಗಿಂತ ಜಾಸ್ತಿ ಎಳೆಯುವುದುಂಟು. ಸಪ್ಲೈ ಸಾಲದಿದ್ದರೆ ಕೆಲವು ಮಾಡ್ಯೂಲು ಏಳುವುದೇ ಇಲ್ಲ, ಆಮೇಲೆ ಜನ ಮಾಡ್ಯೂಲನ್ನೇ ಬೈಯುತ್ತಾರೆ.

ಮಾಡ್ಯೂಲಿಗೆ ವಿದ್ಯುತ್ ಕೇಬಲ್ ಚುಚ್ಚುವ ಮುಂಚೆ ಗೋಡೆಯ ಪ್ಲಗ್ಗನ್ನೇ ಕಿತ್ತಿಡಿ. ಪಟ್ಟಿ ಕೇಬಲ್ಲಿನ ಕೆಂಪು ಅಂಚು ಮೈನಸ್ 12ರ ಕಡೆಗಿರಬೇಕು. ಹಲಗೆಯ ಮೇಲೂ ಮಾಡ್ಯೂಲಿನ ಬೆನ್ನಿನ ಮೇಲೂ ಗುರುತು ಹುಡುಕಿ. ಅಂಚಿನ ಬಣ್ಣವೊಂದನ್ನೇ ನಂಬಬೇಡಿ, ಕನೆಕ್ಟರನ್ನು ತಿರುಗಾಮುರುಗಾ ಒತ್ತಿದ ಕೇಬಲ್ಲುಗಳೂ ಮಾರುಕಟ್ಟೆಯಲ್ಲಿವೆ. ಮಲ್ಟಿಮೀಟರ್ ಹಿಡಿದು ನೋಡುವುದಕ್ಕೆ ಒಂದು ನಿಮಿಷ ಸಾಕು. ಸುತ್ತ ಗೋಡೆಯಿಲ್ಲದ ಪಿನ್ನುಗಳಾದರೆ ಒಂದು ಸಾಲು ಪಕ್ಕಕ್ಕೆ ಸರಿದು ಕೂತಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ರಕ್ಷಣಾ ಡಯೋಡ್ ಇಲ್ಲದ ಮಾಡ್ಯೂಲನ್ನು ಉಲ್ಟಾ ಹಾಕಿದರೆ ಐಸಿ ಸುಟ್ಟುಹೋಗಬಹುದು.

ಪೆಟ್ಟಿಗೆಯ ಆಳವನ್ನೂ ಸ್ಕ್ರೂವನ್ನೂ ಮೊದಲೇ ವಿಚಾರಿಸಿ. ಕೆಲವು ಪೆಟ್ಟಿಗೆಗೆ ಎಂ3, ಕೆಲವಕ್ಕೆ ಎಂ2.5. ಮಾಡ್ಯೂಲಿನ ಆಳಕ್ಕೆ ಹಿಂದಿನ ಕೇಬಲ್ಲಿನ ಮಡಿಕೆಯನ್ನೂ ಸೇರಿಸಿ ಅಳೆಯಿರಿ.

ಹೊಸಬರನ್ನು ಕಾಡುವ ಇನ್ನೆರಡು ತೊಂದರೆಗಳಿವೆ. ಏರಿಕೆ, ಇಳಿಕೆ, ನಿಲುವು, ಬಿಡುಗಡೆ ಎಂಬ ನಾಲ್ಕು ಹಂತದ ಎಡಿಎಸ್ಆರ್ ಎನ್ವಲಪ್‌ಗೆ ಕ್ಷಣಮಾತ್ರದ ಟ್ರಿಗರ್ ಸಂಕೇತ ಕೊಟ್ಟರೆ ಬರುವುದು ಟಿಕ್ ಎಂಬ ಸದ್ದಷ್ಟೆ. ಕೀ ಒತ್ತಿರುವವರೆಗೂ ನಿಲ್ಲುವ ಗೇಟ್ ಅದಕ್ಕೆ ಬೇಕು. ಎರಡನೆಯದು, ಮಾಡ್ಯುಲರ್ ಸದ್ದು ತುದಿಯಿಂದ ತುದಿಗೆ ಸುಮಾರು 10 ವೋಲ್ಟ್ ಇರುತ್ತದೆ, ಮನೆಯ ಆಡಿಯೊ ಉಪಕರಣಗಳ ಲೈನ್ ಮಟ್ಟ ಒಂದು ವೋಲ್ಟಿನ ಆಸುಪಾಸು. ನೇರ ಸೇರಿಸಿದರೆ ಸದ್ದು ಒಡೆಯುತ್ತದೆ. ಔಟ್‌ಪುಟ್ ಮಾಡ್ಯೂಲಿಗೆ ಆ 4 ಎಚ್‌ಪಿ ಬಿಟ್ಟದ್ದು ಇದಕ್ಕೇ.

ಜೋಡಿಸುವಾಗ ಅನಲಾಗ್ ಆಸಿಲೇಟರನ್ನು ಸಪ್ಲೈಯಿಂದ ದೂರ ಕೂರಿಸಿ. ಅದರೊಳಗಿನ ಟ್ರಾನ್ಸಿಸ್ಟರ್ ಜೋಡಿ ಶಾಖಕ್ಕೆ ಸೂಕ್ಷ್ಮ. ಸರಿದೂಗಿಸುವ ರೆಸಿಸ್ಟರ್ ಇಲ್ಲದಿದ್ದರೆ ಒಂದು ಡಿಗ್ರಿ ಏರಿದರೂ ವೋಲ್ಟ್-ಸ್ಥಾಯಿಯ ಅಳತೆ ಸುಮಾರು ಶೇಕಡಾ 0.3 ಜರುಗುತ್ತದೆ. ಇದ್ದರೂ ಆನ್ ಮಾಡಿ ಇಪ್ಪತ್ತು ನಿಮಿಷ ಬಿಟ್ಟು, ಆಮೇಲೆ ಶ್ರುತಿ ಮಾಡಿ.