ಹಳೆಯ ಶಿಕಾರಿ ಕೋವಿಯನ್ನು ಓದುವುದು

ಎಲ್ಲರಿಗೂ ನಮಸ್ಕಾರ.

ಪರದೆಯ ಮೇಲಿರುವ ಈ ಚಿತ್ರವನ್ನು ಒಂದು ನಿಮಿಷ ಸುಮ್ಮನೆ ನೋಡಿ. ಇದು ವಿಂಚೆಸ್ಟರ್ ಕಂಪನಿಯ 1894ರ ಮಾದರಿಯ ರೈಫಲ್. ಟ್ರಿಗರ್ ಸುತ್ತ ಇರುವ ಲಿವರನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಹೊಸ ತೋಟಾ ಬ್ಯಾರಲ್ಲಿಗೆ ಏರುತ್ತದೆ. ಜಾನ್ ಬ್ರೌನಿಂಗ್ ಇದರ ವಿನ್ಯಾಸಕಾರ. ಇಂಥವು 70 ಲಕ್ಷಕ್ಕೂ ಹೆಚ್ಚು ತಯಾರಾಗಿವೆ, ಅಂದರೆ ಅಪರೂಪದ ಮಾಲೇನೂ ಅಲ್ಲ. ಆದರೂ ನನ್ನ ಸಂಗ್ರಹದಲ್ಲಿ ಇದಕ್ಕಿಂತ ನನಗೆ ಹತ್ತಿರವಾದ ಕೋವಿ ಇನ್ನೊಂದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಕೋವಿಯ ಹೊಟ್ಟೆಯ ಭಾಗ ನೋಡಿ, ಲಿವರ್ ಶುರುವಾಗುವ ಜಾಗಕ್ಕಿಂತ ಸ್ವಲ್ಪ ಮುಂದೆ. ಉಳಿದ ಕಡೆ ನೀಲಿಗಪ್ಪು ಬಣ್ಣ ಇದೆ, ಅಲ್ಲಿ ಮಾತ್ರ ಬೂದು ಬಣ್ಣದ ಬರೀ ಕಬ್ಬಿಣ. ಅದು ತುಕ್ಕಲ್ಲ, ಕೈ ಸವೆಸಿದ್ದು. ಈ ಕೋವಿಯ ತೂಕ ಸರಿಸಮ ನಿಲ್ಲುವುದು ಆ ಜಾಗದಲ್ಲಿ. ಒಂದೇ ಕೈಯಲ್ಲಿ ಹಿಡಿದು ನಡೆಯುವವನ ಅಂಗೈ ಬೀಳುವುದೂ ಅಲ್ಲೇ. ಬ್ಯಾರಲ್ಲಿನ ಕೆಳಗಿನ ಮರ ಎರಡೂ ಪಕ್ಕದಲ್ಲಿ ನುಣುಪಾಗಿ ಸವೆದಿದೆಯಲ್ಲ, ಅದು ಕುದುರೆಯ ತಡಿಗೆ ಕಟ್ಟಿದ ಚರ್ಮದ ಚೀಲದಿಂದ ಹೊರತೆಗೆದು ಒಳಗಿಟ್ಟು ಆದ ಸವಕಳಿ. ಬಹಳ ವರ್ಷ ನಡೆದ, ಬಹಳ ವರ್ಷ ಸವಾರಿ ಮಾಡಿದ ಒಬ್ಬ ಮನುಷ್ಯ ಇಲ್ಲಿದ್ದಾನೆ.

ಈ ಸವಕಳಿಯನ್ನು ಯಾರಾದರೂ ಪಾಲಿಶ್ ಹೊಡೆದು ಮತ್ತೆ ಕಪ್ಪು ಬಣ್ಣ ಏರಿಸಿದ್ದರೆ ಆ ಮನುಷ್ಯ ಅಳಿಸಿಹೋಗುತ್ತಿದ್ದ. ಹಳೆ ಕೋವಿಯನ್ನು ಹೊಸದು ಮಾಡಬೇಡಿ ಎಂದು ಕೇಳಿಕೊಳ್ಳುವುದಕ್ಕೇ ನಾನು ಇವತ್ತು ಇಲ್ಲಿಗೆ ಬಂದಿದ್ದು.

ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ನನ್ನ ಕೈಗೆ ಬಂದ ಮೊದಲ ಒಳ್ಳೆಯ ರೈಫಲ್ ಜರ್ಮನಿಯ ಓಬರ್ನ್‌ಡೋರ್ಫ್‌ನ ಮೌಸರ್ ಕಾರ್ಖಾನೆಯದು. ಬ್ಯಾರಲ್ ಅಲ್ಲಲ್ಲಿ ಕಂದು ತಿರುಗಿತ್ತು, ಮರ ಮಂಕಾಗಿತ್ತು. ಒಬ್ಬ ಕೆಲಸಗಾರರಿಗೆ ಕೊಟ್ಟು, ಚೆನ್ನಾಗಿ ಮಾಡಿಕೊಡಿ ಎಂದೆ. ಕೋವಿ ಕನ್ನಡಿಯ ಹಾಗೆ ಹೊಳೆಯುತ್ತ ವಾಪಸ್ ಬಂತು. ಮನೆಗೆ ತಂದು ದೀಪದ ಕೆಳಗೆ ಹಿಡಿದಾಗ ಎದೆ ಧಸಕ್ ಎಂದಿತು. ಅಕ್ಷರಗಳ ಅಂಚು ಕರಗಿದ ಬೆಲ್ಲದಂತೆ ದುಂಡಾಗಿತ್ತು. ಸ್ಕ್ರೂ ತೂತುಗಳ ಬಾಯಿ ತಟ್ಟೆಯ ಹಾಗೆ ತಗ್ಗಾಗಿತ್ತು. ಜರ್ಮನಿಯ ಬ್ಯಾರಲ್ಲುಗಳ ಮೇಲೆ ಎಷ್ಟೋ ಸಲ ಅದನ್ನು ಪರೀಕ್ಷೆ ಮಾಡಿದ ತಿಂಗಳು, ವರ್ಷ ಪುಟ್ಟ ಅಂಕಿಗಳಲ್ಲಿ ಇರುತ್ತದೆ. ನನ್ನದರ ಮೇಲೂ ಇತ್ತು. ಅದನ್ನು ಬರೆದಿಟ್ಟುಕೊಳ್ಳುವ ಬುದ್ಧಿ ನನಗಿರಲಿಲ್ಲ. ಪಾಲಿಶ್ ಹೊಡೆಯುವ ಚಕ್ರ ಅದನ್ನು ತಿಂದುಹಾಕಿತ್ತು. ಆ ಕೆಲಸಗಾರರ ತಪ್ಪೇನೂ ಇಲ್ಲ, ಕೇಳಿದವನು ನಾನು.

ಅಂದಿನಿಂದ ಕೋವಿ ನೋಡುವಾಗ ಮೊದಲು ಹೊಳಪು ನೋಡುವುದಿಲ್ಲ, ಅಂಚು ನೋಡುತ್ತೇನೆ. ಅಕ್ಷರದ ಅಂಚು, ಮೂಲೆಯ ಅಂಚು, ಸ್ಕ್ರೂ ತಲೆಯ ಸೀಳು. ಸೀಳು ಕಿತ್ತುಹೋಗಿದ್ದರೆ ಯಾರೋ ಅಳತೆಗೆ ಹೊಂದದ ಸ್ಕ್ರೂಡ್ರೈವರ್ ಹಾಕಿ ಒಳಗೆ ಕೈಯಾಡಿಸಿದ್ದಾರೆ ಎಂದರ್ಥ. ಹಳೆಯ ಕಪ್ಪು ಬಣ್ಣ ಬಂದ ಬಗೆಯೂ ತಿಳಿದಿರಲಿ. ಕಬ್ಬಿಣಕ್ಕೆ ಬೇಕೆಂದೇ ತುಕ್ಕು ಹಿಡಿಸಿ, ಅದನ್ನು ಕುದಿಯುವ ನೀರಿನಲ್ಲಿ ಅದ್ದುತ್ತಿದ್ದರು. ಕೆಂಪು ತುಕ್ಕು ಕಪ್ಪಾಗುತ್ತಿತ್ತು. ಪುಡಿಯನ್ನು ಉಜ್ಜಿ ತೆಗೆದು ಮತ್ತೆ ಅದೇ ಕೆಲಸ, ಹೀಗೆ ಹಲವು ದಿನ. ಆ ಬಣ್ಣದ ಆಳ ಈಗಿನ ಬಿಸಿ ಉಪ್ಪಿನ ತೊಟ್ಟಿಯಲ್ಲಿ ಅದ್ದಿ ತೆಗೆದದ್ದಕ್ಕೆ ಬರುವುದಿಲ್ಲ. ಪಕ್ಕಪಕ್ಕ ಇಟ್ಟು ಎರಡು ಸಲ ನೋಡಿದರೆ ಸಾಕು, ಮೂರನೇ ಸಲ ನಿಮ್ಮ ಕಣ್ಣೇ ಹೇಳುತ್ತದೆ.

ಇನ್ನು ಠಸ್ಸೆಗಳು. ಬ್ಯಾರಲ್ಲಿಗೆ ಮಾಮೂಲಿಗಿಂತ ಹೆಚ್ಚು ಬಲದ ತೋಟಾ ತುಂಬಿ ಹಾರಿಸಿ, ತಾಳಿಕೊಂಡರೆ ಮುದ್ರೆ ಒತ್ತುವ ಪದ್ಧತಿ ಯುರೋಪಿನಲ್ಲಿ ಬಹಳ ಹಳೆಯದು. ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾ ಕೇಂದ್ರ 1813ರಲ್ಲಿ ಕಾನೂನಿನ ಮೂಲಕ ಶುರುವಾಯಿತು, ಲಂಡನ್ನಿನದು ಅದಕ್ಕೂ ಹಿಂದಿನದು. ಕರಿ ಮದ್ದಿಗೆ ಪರೀಕ್ಷೆಯಾದ ಬ್ಯಾರಲ್ ಬೇರೆ, ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದದ್ದು ಬೇರೆ. ಈ ವ್ಯತ್ಯಾಸ ಪ್ರಾಣದ ಪ್ರಶ್ನೆ. ಹೊಗೆಯಿಲ್ಲದ ಮದ್ದಿನ ಒತ್ತಡ ಬಹಳ ಹೆಚ್ಚು. ಕರಿ ಮದ್ದಿನ ಕಾಲದ ಕೋವಿಯಲ್ಲಿ ಈಗಿನ ಬಲವಾದ ತೋಟಾ ಹಾಕಿದರೆ ಅದು ಮುಖದ ಹತ್ತಿರವೇ ಸಿಡಿಯಬಹುದು. ತಿಳಿದವರು ಅಳತೆ ಮಾಡಿ ಒಪ್ಪುವವರೆಗೆ ಯಾವ ಹಳೆ ಕೋವಿಯನ್ನೂ ಹಾರಿಸಬೇಡಿ. ಮತ್ತೆ, ನೀವಿರುವ ಜಾಗದ ಕಾನೂನು ಓದದೆ, ಪರವಾನಗಿ ಇಲ್ಲದೆ ಯಾವುದನ್ನೂ ಮುಟ್ಟಲೂ ಬೇಡಿ.

ಜೋಡುನಳಿಗೆ ರೈಫಲ್‌ಗಳ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಏಕೆಂದರೆ ಕೋವಿ ಮಾಡುವವನ ಕೈಚಳಕ ಅಲ್ಲಿ ತುದಿ ಮುಟ್ಟಿದೆ. ಎರಡು ನಳಿಗೆಗಳನ್ನು ಅಕ್ಕಪಕ್ಕ ಬೆಸೆದುಬಿಟ್ಟರೆ ಎರಡೂ ಗುಂಡು ಒಂದೇ ಕಡೆ ಬೀಳುವುದಿಲ್ಲ. ಹಾಗಾಗಿ ಕೆಲಸಗಾರ ಹಾರಿಸಿ ನೋಡುತ್ತಾನೆ, ಬಾಯಿಯ ಹತ್ತಿರದ ಬೆಸುಗೆ ಕರಗಿಸಿ ನಡುವಿನ ಬೆಣೆಯನ್ನು ಕೂದಲೆಳೆಯಷ್ಟು ಸರಿಸುತ್ತಾನೆ, ಮತ್ತೆ ಹಾರಿಸುತ್ತಾನೆ. ಎರಡೂ ಒಂದೇ ಕಡೆ ಬೀಳುವವರೆಗೆ ಇದೇ ಕೆಲಸ. ಇಷ್ಟೆಲ್ಲ ಮಾಡುವುದು ಒಂದೇ ಒಂದು ತೂಕದ ಮದ್ದಿಗೆ, ಒಂದೇ ತೂಕದ ಗುಂಡಿಗೆ. .470, ಅಂದರೆ ಬಾಯಿ ಇಂಚಿನಲ್ಲಿ ಸುಮಾರು ಅಷ್ಟಗಲದ ರೈಫಲಿನ ಮೇಲೆ ಕಾರ್ಡೈಟ್ 75, ಗುಂಡು 500 ಎಂದು ಬರೆದಿದ್ದರೆ, ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು 75 ಗ್ರೇನ್, ಗುಂಡು 500 ಗ್ರೇನ್ ಇರುವ ತೋಟಾಕ್ಕೆ ಹೊಂದಿಸಿದ್ದು ಎಂದರ್ಥ. ಗ್ರೇನ್ ಎಂದರೆ ಮದ್ದು, ಗುಂಡು ತೂಗುವ ಒಂದು ಪುಟ್ಟ ಅಳತೆ. ಬೇರೆ ತೋಟಾ ಹಾಕಿದರೆ ಎಡದ್ದು ಒಂದು ದಿಕ್ಕು, ಬಲದ್ದು ಇನ್ನೊಂದು.

ಇಂಥ ಕೋವಿ ನೋಡುವಾಗ, ಒಡೆಯರ ಒಪ್ಪಿಗೆ ಕೇಳಿ ನಳಿಗೆಗಳನ್ನು ಬಿಡಿಸಿ, ಬುಡದ ಕೊಕ್ಕೆಯಲ್ಲಿ ಬೆರಳು ಸಿಕ್ಕಿಸಿ ತೂಗುಬಿಡಿ. ಗೆಣ್ಣಿನಿಂದ ಮೆತ್ತಗೆ ತಟ್ಟಿ. ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ, ಹಾಗೇ. ಬೆಸುಗೆ ಗಟ್ಟಿಯಿದ್ದರೆ ಗಂಟೆಯ ಹಾಗೆ ನಾದ ಹೊರಟು ನಿಧಾನವಾಗಿ ಇಳಿಯುತ್ತದೆ. ಎಲ್ಲೋ ಸಡಿಲವಾಗಿದ್ದರೆ ಒಡಕು ಸದ್ದು. ನೂರು ವರ್ಷದ ಬೆಸುಗೆ ಹಾಗೆ ಹಾಡುವುದನ್ನು ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು.

ಈ .470 ಎಂಬ ಅಳತೆ ಹುಟ್ಟಿದ್ದಕ್ಕೂ ಒಂದು ಕಾರಣವಿದೆ. ಅದಕ್ಕೂ ಮೊದಲು ದೊಡ್ಡ ಪ್ರಾಣಿಗಳ ಶಿಕಾರಿಗೆ .450 ತೋಟಾ ಬಹಳ ಚಾಲ್ತಿಯಲ್ಲಿತ್ತು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಕೋವಿಗಳಿಗೂ ಆ ಅಳತೆಯ ಗುಂಡು ಹೊಂದುತ್ತಿತ್ತು. ದಂಗೆಕೋರರ ಕೈಗೆ ಅದು ಸಿಕ್ಕೀತು ಎಂಬ ಭಯದಿಂದ ಬ್ರಿಟಿಷ್ ಸರ್ಕಾರ 1907ರ ಹೊತ್ತಿಗೆ ಭಾರತಕ್ಕೂ ಸುಡಾನಿಗೂ .450 ತೋಟಾ ಬರುವುದನ್ನು ನಿಲ್ಲಿಸಿತು. ಇಂಗ್ಲೆಂಡಿನ ಕೋವಿ ತಯಾರಕರು ಗಿರಾಕಿಗಳನ್ನು ಬಿಡುತ್ತಾರೆಯೇ? .465, .470, .475 ಎಂದು ಸಾಲುಸಾಲಾಗಿ ಹೊಸ ಅಳತೆಗಳು ಬಂದವು. ಆಳುವವರ ಭಯವೊಂದು ನಳಿಗೆಯ ಬಾಯಿಯ ಅಳತೆಯಾಗಿ ಉಳಿದಿದೆ.

ಅದೇ 1907ರಲ್ಲಿ ಜಿಮ್ ಕಾರ್ಬೆಟ್ ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದರು. 436 ಜನರನ್ನು ಅದು ಬಲಿ ತೆಗೆದುಕೊಂಡಿತ್ತು ಎಂಬುದು ದಾಖಲೆಯ ಲೆಕ್ಕ. ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹೆವೆಟ್, ಕಾರ್ಬೆಟ್ ಅವರಿಗೆ ಲಂಡನ್ನಿನ ರಿಗ್ಬಿ ಕಂಪನಿಯ .275 ರೈಫಲ್ ಉಡುಗೊರೆ ಕೊಟ್ಟರು. ಅದರ ಬೋಲ್ಟು, ಚೌಕಟ್ಟು ಮೌಸರ್‌ನದೇ, .275 ಎಂಬುದು ಮೌಸರ್‌ನ 7 ಮಿಲಿಮೀಟರ್ ತೋಟಾಕ್ಕೆ ಇಂಗ್ಲಿಷರು ಇಟ್ಟ ಹೆಸರು. ಮರದ ಹಿಡಿಗೆ ಕೂರಿಸಿದ ಬೆಳ್ಳಿ ಬಿಲ್ಲೆಯ ಮೇಲೆ ಯಾರು, ಯಾರಿಗೆ, ಯಾಕೆ ಕೊಟ್ಟರು ಎಂಬುದೆಲ್ಲ ಕೆತ್ತಿದೆ. ರೈಫಲ್ ಕೈಯಿಂದ ಕೈಗೆ ದಾಟಿ ಕೊನೆಗೆ ರಿಗ್ಬಿ ಕಂಪನಿಗೇ ಮರಳಿದೆ. ಆ ಬಿಲ್ಲೆ ಇರದಿದ್ದರೆ ಅದೂ ಹತ್ತರಲ್ಲಿ ಹನ್ನೊಂದನೆಯ ಹಳೆ ರಿಗ್ಬಿ.

ಎಲ್ಲ ಕೋವಿಗೂ ಬಿಲ್ಲೆ ಇರುವುದಿಲ್ಲ, ಆದರೆ ನಂಬರ್ ಇರುತ್ತದೆ. ಹಳೆಯ ತಯಾರಕರು ದಪ್ಪ ದಪ್ಪ ಲೆಕ್ಕದ ಪುಸ್ತಕ ಇಟ್ಟಿದ್ದರು. ವಿಂಚೆಸ್ಟರ್‌ನ ಹಳೆ ದಾಖಲೆಗಳು ಅಮೆರಿಕದ ವಯೋಮಿಂಗ್ ರಾಜ್ಯದ ಕೋಡಿ ಊರಿನ ವಸ್ತುಸಂಗ್ರಹಾಲಯದಲ್ಲಿವೆ. ಆ ದಾಖಲೆಯಲ್ಲಿರುವ ನಂಬರ್ ಆದರೆ, ಅದು ಕಾರ್ಖಾನೆ ಬಿಟ್ಟ ದಿನವನ್ನೂ ಹೊರಟಾಗ ಇದ್ದ ರೂಪವನ್ನೂ ಪತ್ರದಲ್ಲಿ ಬರೆದು ಕಳಿಸುತ್ತಾರೆ. ಇಂಥ ಒಂದು ಪತ್ರ ನನಗೆ ಹತ್ತು ಡಬ್ಬಿ ಪಾಲಿಶಿಗಿಂತ ದೊಡ್ಡದು.

ಹಾಗಾದರೆ ಆರೈಕೆ ಬೇಡವೇ? ಬೇಕು. ಹಳೆ ತೋಟಾಗಳ ಕೇಪಿನಲ್ಲಿ, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲಿನಲ್ಲಿ, ಪೊಟ್ಯಾಸಿಯಮ್ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ನಳಿಗೆಯಲ್ಲಿ ಉಳಿಯುವುದು ಒಂದು ಬಗೆಯ ಉಪ್ಪು. ಉಪ್ಪು ಗಾಳಿಯ ತೇವ ಎಳೆದುಕೊಂಡು ಕಬ್ಬಿಣ ತಿನ್ನುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಶಿಕಾರಿಯಿಂದ ಬಂದವರು ನಳಿಗೆಗೆ ಕುದಿಯುವ ನೀರು ಹೊಯ್ಯುತ್ತಿದ್ದದ್ದು ಇದಕ್ಕೇ. ಬರೀ ಎಣ್ಣೆ ಬಿಟ್ಟು ಮೂಲೆಗಿಟ್ಟವರ ಕೋವಿಗಳಲ್ಲಿ ಇವತ್ತು ಸಿಡುಬಿನ ಕಲೆಯಂಥ ಗುಳಿಗಳಿವೆ.

ಎಣ್ಣೆ ಹೆಚ್ಚಾದರೂ ಕೇಡು. ಕೋವಿಯನ್ನು ಬಾಯಿ ಮೇಲಾಗಿ ನಿಲ್ಲಿಸಿದರೆ ಎಣ್ಣೆ ಇಳಿದಿಳಿದು ಮುಷ್ಟಿ ಹಿಡಿಯುವ ಜಾಗದ ಮರಕ್ಕೆ ಸೇರುತ್ತದೆ. ಮರ ಕಪ್ಪಗಾಗಿ ಮೆತ್ತಗಾಗುತ್ತದೆ, ಒಂದು ದಿನ ಅಲ್ಲೇ ಸೀಳುತ್ತದೆ. ನಾನು ತೆಳ್ಳಗೆ ಎಣ್ಣೆ ಒರೆಸಿ, ಬಾಯಿ ಕೆಳಗಾಗಿ ಇಡುತ್ತೇನೆ. ಚರ್ಮದ ಚೀಲದಲ್ಲಿ ಇಡುವುದೇ ಇಲ್ಲ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮರಕ್ಕೆ ಅಗಸೆ ಎಣ್ಣೆ, ಅದೂ ಬೆರಳ ತುದಿಯಲ್ಲಿ ಎರಡು ಹನಿ. ಉಪ್ಪುಕಾಗದ ಎಂದೂ ಬೇಡ.

ಅಂದಹಾಗೆ, ಆ ಮೌಸರ್ ಈಗಲೂ ನನ್ನ ಹತ್ತಿರವೇ ಇದೆ. ಪ್ರತಿ ಕೋವಿಗೂ ಒಂದೊಂದು ಚೀಟಿ ಬರೆದು ದಾರದಲ್ಲಿ ಕಟ್ಟಿದ್ದೇನೆ: ನಂಬರ್, ಠಸ್ಸೆಗಳು, ಯಾರಿಂದ ಬಂತು, ನಾನು ಏನು ಮಾಡಿದೆ. ಮೌಸರ್‌ನ ಚೀಟಿಯಲ್ಲಿ ಪರೀಕ್ಷೆಯ ತಿಂಗಳು, ವರ್ಷ ಬರೆಯಬೇಕಾದ ಜಾಗ ಖಾಲಿ ಇದೆ. ಮುಂದೆ ಅದನ್ನು ತೆಗೆದುಕೊಳ್ಳುವವರಿಗೆ ತಿಳಿಯಲಿ ಎಂದು, ಅಂಕಿ ಇತ್ತು, ನನ್ನ ಕಾಲದಲ್ಲಿ ಹೋಯಿತು ಎಂದು ಕೆಳಗೆ ಬರೆದಿದ್ದೇನೆ.

ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.